ಕೈಯಾಡಿಸಿದ ಮಾಲು

ಜೂನ್ 3, ಮಂಗಳವಾರ

ಇವತ್ತು ಇಡೀ ದಿನ ನಾನು ಬಾಯಿಬಿಟ್ಟು ಆಡಿದ ಮಾತು ಒಂದೇ. ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ "ಸ್ವಲ್ಪ ಜರುಗಿ" ಅಂದೆ. ಅವಳು ಜರುಗಲಿಲ್ಲ.

ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಂತೂ ಮಾತಿಗೆ ಕೆಲಸವಿಲ್ಲ. ಮೇಜಿನ ಮೇಲೆ ಯಾರ್ಯಾರದೋ ಬಾಯಿಯ ಅಚ್ಚುಗಳು ಸಾಲಾಗಿ ಕೂತಿರುತ್ತವೆ. ಎಲ್ಲವೂ ಬಾಯಿ ತೆರೆದುಕೊಂಡೇ ಇದ್ದರೂ ಒಂದೂ ಮಾತಾಡುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವಕ್ಕೆ ಹಲ್ಲು ಕೂರಿಸುತ್ತೇನೆ, ವಸಡು ಕಟ್ಟುತ್ತೇನೆ, ಉಜ್ಜಿ ಹೊಳಪು ಕೊಡುತ್ತೇನೆ. ಮನೆಗೆ ಬಂದರೆ ಇಲ್ಲಿ ಆಟದ ಕಾರುಗಳು. ಚಿಕ್ಕ ಕೋಣೆಯ ಮೂರು ಗೋಡೆಗೂ ಗಾಜಿನ ಕಪಾಟು, ಕಪಾಟಿನ ತುಂಬ ಬೆರಳುದ್ದದ ಲೋಹದ ಕಾರುಗಳು, ಎಲ್ಲದರ ಮೂತಿಯೂ ಬಾಗಿಲ ಕಡೆಗೆ. ಒಳಗೆ ಕಾಲಿಟ್ಟರೆ ನಾನೇ ಅವುಗಳ ದಾರಿಗೆ ಅಡ್ಡ ಬಂದ ಹಾಗಿರುತ್ತದೆ.

ನನ್ನನ್ನು ಕಟ್ಟಿಕೊಂಡ ಆ ಮನುಷ್ಯ ತೀರಿಹೋಗಿ ಮೂರು ತಿಂಗಳು. ನೀರಿನ ಮೀಟರ್ ಓದುವ ಕೆಲಸ ಮಾಡುತ್ತಿದ್ದ. ಬೀದಿ ಬೀದಿ ಸುತ್ತುವಾಗ ಹಳೇ ಆಟಿಕೆ ಎಲ್ಲಿ ಕಂಡರೂ ಮನೆಗೆ ತರುತ್ತಿದ್ದ. ಭಾನುವಾರ ಬಂತೆಂದರೆ ಆ ಕೋಣೆಯ ಬಾಗಿಲು ಹಾಕಿಕೊಂಡು ಕೂತುಬಿಡುವುದು. ಊಟಕ್ಕೆ ಕರೆದರೆ ಬರುವುದು, ಉಂಡು ಮತ್ತೆ ಒಳಗೆ. ಮಕ್ಕಳಿಲ್ಲದ ಮನೆಯಲ್ಲಿ ಆಟದ ಸಾಮಾನು ಕೋಣೆ ತುಂಬ.

ಮನೆಯೊಡೆಯನಿಗೆ ಜುಲೈ ಕೊನೆಗೆ ಬಿಡುತ್ತೇನೆ ಅಂತ ಹೇಳಿಯಾಗಿದೆ. ಲ್ಯಾಬಿನ ಹತ್ತಿರ ಒಂದು ಕೋಣೆ ನೋಡಿದ್ದೇನೆ. ಅಲ್ಲಿ ಮಂಚ ಹಾಕಿದರೆ ನಾನು ಹೊರಗೆ ನಿಲ್ಲಬೇಕು, ಅಷ್ಟೇ ಜಾಗ. ಕಾರುಗಳನ್ನು ಮಾರಬೇಕು.

ಈ ಡೈರಿಯನ್ನು ಅಚ್ಚಿನ ಪುಡಿ ಮಾರುವ ಕಂಪನಿಯವರು ಪ್ರತಿ ವರ್ಷ ಕೊಡುತ್ತಾರೆ. ಇಷ್ಟು ವರ್ಷ ಇದರ ಮೇಲೆ ಬಿಸಿ ಪಾತ್ರೆ ಇಳಿಸುತ್ತಿದ್ದೆ.

ಜೂನ್ 6, ಶುಕ್ರವಾರ

ಕೊಳ್ಳುವವನು ಭಾನುವಾರ ಬರುತ್ತಾನಂತೆ. ನೋಡಿದವನು ಮೂಗು ಮುರಿಯಬಾರದು ಅಂತ ಎಲ್ಲ ಒರೆಸಿಟ್ಟೆ. ಕೆಂಪು ಅಗ್ನಿಶಾಮಕ ಗಾಡಿಯೊಂದರ ಮೂಲೆಯಲ್ಲಿ ಬಣ್ಣ ಹಾರಿತ್ತು. ಮುಂಭಾಗದ ಹಲ್ಲಿಗೆ ಬಣ್ಣ ಹೊಂದಿಸುವ ಕೈಗೆ ಇದೇನು ಮಹಾ? ಮೂರು ಕೆಂಪು ಬೆರೆಸಿದೆ, ಬೆಳಕಿನಲ್ಲಿ ಹಿಡಿದು ನೋಡಿದೆ, ತೇಪೆ ಹಾಕಿದೆ. ಹಾಕಿದ ನನಗೇ ಈಗ ಗುರುತು ಸಿಗುತ್ತಿಲ್ಲ. ಬಹಳ ದಿನದ ಮೇಲೆ ಒಂದು ಕೆಲಸ ಮಾಡಿ ಸಂತೋಷವಾಯಿತು.

ಜೂನ್ 8, ಭಾನುವಾರ

ಕೊಳ್ಳುವವನಿಗೆ ಭೂತಗನ್ನಡಿ ಅಂತ ಹೆಸರಿಟ್ಟಿದ್ದೇನೆ. ಆ ಕನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡೇ ಮೆಟ್ಟಿಲು ಹತ್ತಿದನೇನೋ. ಆ ಮನುಷ್ಯನನ್ನು ಬಲ್ಲವನಂತೆ. "ಬಹಳ ತಿಳಿದೋರು ಮೇಡಂ, ಅವರ ಕೈಯಲ್ಲಿ ಒಂದು ಕಾರೂ ಕೆಟ್ಟಿಲ್ಲ" ಅಂತ ಹೊಗಳುತ್ತಾ ಹೊಗಳುತ್ತಾ ಅಗ್ನಿಶಾಮಕ ಗಾಡಿಗೆ ಬಂದ. ಅಲ್ಲಿ ನಿಂತ.

"ಇದನ್ನ ಯಾರು ಮುಟ್ಟಿದ್ದು?"

"ನಾನೇ. ಬಣ್ಣ ಹಾರಿತ್ತು, ಸರಿ ಮಾಡಿದೆ. ಎಲ್ಲಿ ಅಂತ ಹೇಳಿ ನೋಡೋಣ?"

ಬಹಳ ಹೊತ್ತು ಹುಡುಕಿ ಕಂಡುಹಿಡಿದ. ಹಾಗಲಕಾಯಿ ಕಡಿದವನ ಮುಖ ಮಾಡಿದ.

"ಹಾರಿದ್ರೆ ಹಾರಲಿ ಅಂತ ಬಿಡಬೇಕಿತ್ತು ಮೇಡಂ. ಗೀರು ಬಿದ್ದಿರೋ ಒರಿಜಿನಲ್‌ಗೆ ಇರೋ ಬೆಲೆ ಹೊಸ ಬಣ್ಣ ಹೊಡೆದಿದ್ದಕ್ಕೆ ಇಲ್ಲ. ಡಬ್ಬಿ ಸಮೇತ ಇದ್ರಂತೂ ಕಣ್ಣಿಗೊತ್ತಿಕೊಂಡು ತಗೋತಾರೆ. ಬಣ್ಣ ಮುಟ್ಟಿದ್ರೆ, ಚಕ್ರ ಬದಲಾಯಿಸಿದ್ರೆ, ತಳ ಹಿಡಿದಿರೋ ರಿವೆಟ್ ಮೊಳೆ ಕೊರೆದು ಬಿಚ್ಚಿದ್ರೆ, ಅದನ್ನ ನಾವು ಕೈಯಾಡಿಸಿದ ಮಾಲು ಅಂತೀವಿ. ಯಾರೂ ಹತ್ರ ಬರಲ್ಲ."

"ಚೆನ್ನಾಗಿ ಕಾಣಿಸ್ತಾ ಇದೆಯಲ್ಲ?"

"ಅದೇ ತೊಂದರೆ. ಚೆನ್ನಾಗಿ ಕಂಡಷ್ಟೂ ಅನುಮಾನ ಜಾಸ್ತಿ."

ನನಗೆ ಮೈ ಉರಿಯಿತು. ನಮ್ಮ ಕಸುಬಿನಲ್ಲಿ ಕೈಯಾಡಿಸಿದ್ದು ಕಂಡರೆ ಸೋಲು. ಇವರ ಕಸುಬಿನಲ್ಲಿ ಕಾಣದಿದ್ದರೆ ಮೋಸ.

ಹೊರಡುವಾಗ ಕಪಾಟಿನ ಕೆಳಗಿದ್ದ ಚಪ್ಪಲಿ ಡಬ್ಬಿಯೊಂದು ಅವನ ಕಾಲಿಗೆ ತಗುಲಿತು. ನಾನು ಅದನ್ನು ಕಂಡೇ ಇರಲಿಲ್ಲ. ತೆಗೆದರೆ ಒಳಗೆ ಹನ್ನೊಂದು ಕಾರು, ಒಂದೊಂದಕ್ಕೂ ಬಟ್ಟೆ ಸುತ್ತಿತ್ತು. ಮೇಲಿನ ಎರಡು ಮೂರನ್ನು ಬಿಚ್ಚಿ ನೋಡಿ ಭೂತಗನ್ನಡಿ ನಕ್ಕುಬಿಟ್ಟ.

"ಅಯ್ಯೋ, ಇವು ಪೂರ್ತಿ ಕೆಟ್ಟಿವೆ. ತಳ ಬಿಚ್ಚಿದಾರೆ, ಬ್ರಷ್‌ನಲ್ಲಿ ಬಣ್ಣ ಬಳಿದಿದಾರೆ. ಯಾರೋ ಕೆಲಸ ಬಾರದೋರು. ನಿಮ್ಮನೆಯೋರು ಇಂಥದ್ದು ಮಾಡೋರಲ್ಲ, ಯಾವುದೋ ಮೂಟೆ ಜೊತೆ ಬಂದಿರಬೇಕು. ಬಣ್ಣ ಎಲ್ಲ ತೆಗೆದು ಬರೀ ಲೋಹ ಮಾಡಿದ್ರೆ ರಿಪೇರಿ ಮಾಡೋರು ಬಿಡಿಭಾಗಕ್ಕೆ ತಗೋಬಹುದು, ಅಷ್ಟೇ."

ಅಗ್ನಿಶಾಮಕ ಗಾಡಿಯಿಂದ ಹೋದ ಮಾನವನ್ನು ಇವುಗಳಿಂದ ಸ್ವಲ್ಪ ಹಿಂದಕ್ಕೆ ಪಡೆಯೋಣ ಅನ್ನಿಸಿದೆ.

ಜೂನ್ 11, ಬುಧವಾರ

ಲ್ಯಾಬಿನಿಂದ ಬಣ್ಣ ಕರಗಿಸುವ ಅಸಿಟೋನ್ ತಂದೆ. ಹಲ್ಲಿನ ಸೆಟ್ ನೆನೆಹಾಕುವ ಗಾಜಿನ ಬಟ್ಟಲಿನಲ್ಲಿ ಸುರಿದು ಮೂರು ಕಾರು ಮುಳುಗಿಸಿದೆ. ಕೆಲಸ ಬಾರದವರು ಅಂದಿದ್ದು ಸುಳ್ಳಲ್ಲ. ಹಸಿರು ಕಾರೊಂದಕ್ಕೆ ಮೂರು ಬಾಗಿಲು ಒಂದು ಹಸಿರು, ನಾಲ್ಕನೆಯದು ಇನ್ನೊಂದು ಹಸಿರು. ಡಬ್ಬಿಯಲ್ಲಿ ಬಣ್ಣ ಸಾಲದೆ ಬಂದಿರಬೇಕು. ಉಳಿದೆರಡನ್ನು ಸರಿಯಾಗಿ ನೋಡಲೂ ಇಲ್ಲ. ಒಂದು ನೀಲಿ ಬಸ್ಸು ಅಂತ ನೆನಪು. ಕಿಟಕಿಯ ಪ್ಲಾಸ್ಟಿಕ್ಕೂ ಕರಗಿತು. ಕರಗಲಿ, ಬೇಕಾದ್ದು ಲೋಹ ತಾನೇ? ಬಟ್ಟಲಿನ ತಳದಲ್ಲಿ ಗುಲಾಬಿ ಬಣ್ಣದ ಅಂಟು ಸ್ವಲ್ಪ ಉಳಿಯಿತು. ಸುರಿದು ತೊಳೆದೆ.

ಕಾರು ನೆನೆಯುತ್ತಾ ಇರುವಾಗ ಸುಮ್ಮನೆ ಕೂತರೆ ಹಳೆಯದೆಲ್ಲ ಮೇಲೆ ಬರುತ್ತದೆ.

ಇಪ್ಪತ್ತಾರು ವರ್ಷ ಒಂದೇ ಸೂರಿನ ಕೆಳಗೆ ಇದ್ದೆವು. ಸಂಜೆ ಬಂದು ಆ ಮನುಷ್ಯ ಹೇಳುತ್ತಿದ್ದ ದಿನದ ಸುದ್ದಿ ಅಂದರೆ "ಇವತ್ತು ಒಂದು ಮನೇಲಿ ನಾಯಿ ಇತ್ತು." ಅಷ್ಟೇ. ಕಚ್ಚಿತೋ ಇಲ್ಲವೋ ಅಂತ ನಾನೇ ಪ್ಯಾಂಟು ನೋಡಿ ತಿಳಿದುಕೊಳ್ಳಬೇಕು. ಮದುವೆಯಾದ ಮೂರನೇ ವರ್ಷ ಜಗಳ ಮಾಡಿಕೊಂಡು ತವರಿಗೆ ಹೋದೆ. ಜಗಳ ಅಂದರೆ ಆಡಿದ್ದು ನಾನೊಬ್ಬಳೇ. ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಅನ್ನುತ್ತಾರಲ್ಲ, ನಾನು ಮಾಡಿ ತೋರಿಸಿದೆ. ಮೂರು ತಿಂಗಳು ಅಮ್ಮನ ಮನೆಯಲ್ಲಿ ಕೂತಿದ್ದೆ. ಕರೆಯಲು ಬರಲಿಲ್ಲ. ಒಂದು ಭಾನುವಾರವಾದರೂ ಬಂದಾನು ಅಂತ ತಲೆ ಬಾಚಿ ಕೂರುತ್ತಿದ್ದೆ, ಅಮ್ಮನಿಗೆ ಕಾಣದ ಹಾಗೆ. ಕೊನೆಗೆ ಪೆಟ್ಟಿಗೆ ಹಿಡಿದು ನಾನೇ ಬಸ್ಸು ಹತ್ತಿ ಬಂದೆ. ಬಾಗಿಲು ತೆಗೆದ ಮಹಾರಾಯ ಹೇಳಿದ್ದು, "ನೀರು ಬಿಸಿ ಇದೆ."

ಅವತ್ತಿನಿಂದ ಇವತ್ತಿನವರೆಗೆ ನನಗೆ ತಿಳಿಯಬೇಕಾದ್ದು ಒಂದೇ. ನಾನು ಬೇಕಾಗಿದ್ದೆನಾ, ಅಥವಾ ಬಂದಳು, ಇರಲಿ ಅಂತ ಇಟ್ಟುಕೊಂಡದ್ದಾ? ಈಗ ಕೇಳೋಣ ಅಂದರೆ ಉತ್ತರ ಹೇಳಬೇಕಾದವನೇ ಎದ್ದು ಹೋದ.

ಜೂನ್ 15, ಭಾನುವಾರ

ಅಕ್ಷರ ಸೊಟ್ಟಗೆ ಬರುತ್ತಿವೆ, ಬರಲಿ.

ನಾಲ್ಕನೆಯ ಕಾರು ತೆಗೆದೆ. ಬಿಳಿ ಸಾಮಾನು ವ್ಯಾನು. ಹಿಂದಿನ ಬಾಗಿಲಿಗೆ ಕೂದಲೆಳೆಯಂಥ ತಂತಿ ಸುತ್ತಿತ್ತು. ಬಾಗಿಲ ಕೀಲು ಮುರಿದ ಕಡೆ ಗುಲಾಬಿ ಚೂರೊಂದು ಅಂಟಿಸಿತ್ತು. ಅದನ್ನು ಕೀಳೋಣ ಅಂತ ಕೊಕ್ಕೆ ಹಾಕಿದವಳು ಹಾಗೇ ನಿಂತೆ. ಆ ಗುಲಾಬಿ ನನಗೆ ಗೊತ್ತು. ಅದರೊಳಗೆ ಸಣ್ಣ ಸಣ್ಣ ಕೆಂಪು ನೂಲೆಳೆ ಇದ್ದವು. ವಸಡು ಜೀವಂತವಾಗಿ ಕಾಣಲಿ ಅಂತ ರಕ್ತನಾಳದ ಹಾಗೆ ನಾವು ಬೆರೆಸುವ ಎಳೆ. ಅದು ನಾನು ಉಜ್ಜಿ ತೆಗೆದ ವಸಡಿನ ಚೂರು. ನನ್ನ ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಸಂಜೆ ನಾನು ಬಂದ ಕೂಡಲೇ ಅವರು ಆ ಏಪ್ರನ್ ತೆಗೆದುಕೊಂಡು ಬಾಲ್ಕನಿಗೆ ಹೋಗಿ ಒದರುತ್ತಿದ್ದರು. ಧೂಳು ಅಂದರೆ ಆಗದು ಅಂದುಕೊಂಡಿದ್ದೆ.

ಹಾಗಾದರೆ ಈ ಹಾಳು ಕೆಲಸ ಮಾಡಿದವರು ಬೇರೆ ಯಾರೋ ಅಲ್ಲ. ಒಂದು ಕಾರನ್ನೂ ಕೆಡಿಸದ, ಬಹಳ ತಿಳಿದ, ಆ ಮನುಷ್ಯರೇ. ಯಾಕೆ?

ತಂತಿ ನೋಡುತ್ತಾ ಕೂತೆ. ಆಮೇಲೆ ಹೊಳೆಯಿತು. ಈ ಮನೆಗೆ ಬಂದ ದಿನದ ವ್ಯಾನು! ಹಿಂದಿನ ಬಾಗಿಲು ನಿಲ್ಲದೆ ಡ್ರೈವರ್ ತಂತಿ ಕಟ್ಟಿದ್ದ. ಸಾಮಾನಿನ ಜೊತೆ ನಾವಿಬ್ಬರೂ ಹಿಂದೆಯೇ ಕೂತಿದ್ದೆವು, ಕನ್ನಡಿ ಒಡೆಯದಿರಲಿ ಅಂತ ಆ ಕಡೆ ಅವರು ಈ ಕಡೆ ನಾನು ಹಿಡಿದುಕೊಂಡು.

ವ್ಯಾನು ಹೊಳೆದ ಮೇಲೆ ಹಸಿರು ಕಾರು ಹೊಳೆಯಲು ಎಷ್ಟು ಹೊತ್ತು? ಮದುವೆಯ ದಿನ ನನ್ನನ್ನು ಕರೆತಂದ ಟ್ಯಾಕ್ಸಿ. ಒಂದು ಬಾಗಿಲು ಬೇರೆ ಹಸಿರು. ದಾರಿಯುದ್ದಕ್ಕೂ ಅವರು ಆಡಿದ ಒಂದೇ ಮಾತು, "ಆ ಬಾಗಿಲು ಬೇರೆ ಗಾಡೀದು."

ಅದನ್ನು ನಾನು ಬಟ್ಟಲಿನಲ್ಲಿ ಕರಗಿಸಿ ಬಚ್ಚಲಿಗೆ ಸುರಿದೆ. ಕೈಯಾರೆ ಸುರಿದೆ. ಡಬ್ಬಿಯಲ್ಲಿ ಬಣ್ಣ ಸಾಲದೆ ಬಂದಿರಬೇಕು ಅಂತ ನಕ್ಕೆ ಬೇರೆ.

ಜೂನ್ 16, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ನೀಲಿ ಬಸ್ಸು ಯಾವುದಿತ್ತು? ಕರಗಿದ ಮೂರನೆಯದು ಏನಿತ್ತು? ಬಣ್ಣವೂ ನೆನಪಾಗುತ್ತಿಲ್ಲ.

ಜೂನ್ 19, ಗುರುವಾರ

ಲ್ಯಾಬಿನ ಬಾಯಿಗನ್ನಡಿ ತಂದೆ, ಕಡ್ಡಿಯ ತುದಿಗೆ ಗುಂಡು ಕನ್ನಡಿ ಇರುತ್ತದಲ್ಲ, ಹಿಂದಿನ ಹಲ್ಲು ನೋಡುವುದು. ಉಳಿದ ಎಂಟು ಕಾರುಗಳ ಕಿಟಕಿಗೆ ಹಿಡಿದು ಒಳಗೆ ನೋಡಿದೆ.

ಹಿಂದಿನ ಸೀಟಿನಲ್ಲಿ ಎರಡು ಗುಲಾಬಿ ಕಾಳು ಅಂಟಿಸಿವೆ. ಸಾಸಿವೆಗಿಂತ ಸ್ವಲ್ಪ ದೊಡ್ಡವು. ಬಲಕ್ಕೊಂದು, ಎಡಕ್ಕೊಂದು. ಬಲಗಡೆಯದು ಅವರು, ಎಡಗಡೆಯದು ನಾನು. ಅವರು ಯಾವ ಗಾಡಿ ಹತ್ತಿದರೂ ಬಲಗಡೆಯೇ ಕೂರುವುದು. ದಿನವಿಡೀ ಮೀಟರ್ ಓದಿದ್ದು ಸಾಲದೆ ಟ್ಯಾಕ್ಸಿಯಲ್ಲೂ ಮೀಟರ್ ಕಾಣಬೇಕು ಆ ಮಹಾನುಭಾವರಿಗೆ.

ಆಂಬುಲೆನ್ಸ್ ಗೊತ್ತಾಯಿತು. ನನ್ನ ಆಪರೇಷನ್‌ದು. ಅದರಲ್ಲಿ ಒಂದು ಕಾಳು ಮಲಗಿದೆ, ಒಂದು ಕೂತಿದೆ. ನೀರಿನ ಇಲಾಖೆಯ ಜೀಪು ಗೊತ್ತಾಯಿತು. ಸಾಹೇಬರಿಗೆ ಹೇಳದೆ ನನ್ನನ್ನು ಕೂರಿಸಿಕೊಂಡು ಅಣೆಕಟ್ಟು ತೋರಿಸಲು ಹೋಗಿದ್ದರು, ದಾರಿಯಲ್ಲಿ ಸಾಹೇಬರೇ ಎದುರು ಬಂದರು, ನಾನು ಸೀಟಿನ ಕೆಳಗೆ ಅವಿತೆ. ಕನ್ನಡಿ ಹಾಕಿ ನೋಡಿದರೆ ಎಡಗಡೆಯ ಕಾಳು ನಿಜವಾಗಿಯೂ ಸೀಟಿನ ಕೆಳಗಿದೆ. ಒಬ್ಬಳೇ ಕೂತು ನಕ್ಕೆ. ನಕ್ಕ ಸದ್ದು ಕೇಳಿ ನನಗೇ ಗಾಬರಿಯಾಯಿತು.

ಒಂದು ಮಾತ್ರ ಗೊತ್ತಾಗಲಿಲ್ಲ. ಬೂದು ಬಣ್ಣದ ಕಾರು, ಡೊಂಕಿಲ್ಲ, ಗೀರಿಲ್ಲ, ಅಂಗಡಿಯಿಂದ ಬಂದ ಹಾಗೇ ಇದೆ. ಒಳಗೆ ಒಂದೇ ಕಾಳು, ಬಲಗಡೆ. ಎಡಗಡೆ ಖಾಲಿ. ನಾನಿಲ್ಲದ ಗಾಡಿ. ಎಲ್ಲಿಗೋ ಒಬ್ಬರೇ ಹೋಗಿ ಖುಷಿಪಟ್ಟದ್ದಿರಬೇಕು. ಅದನ್ನು ಮಾತ್ರ ಡಬ್ಬಿಗೆ ಹಾಕಿ ಮುಚ್ಚಿದೆ.

ಜೂನ್ 22, ಭಾನುವಾರ

ನಾದಿನಿಗೆ ಫೋನ್ ಮಾಡಿದೆ. ಅವರ ಒಬ್ಬಳೇ ತಂಗಿ. ಪ್ರತಿ ವಾರ ಅವಳೇ ಮಾಡುತ್ತಿದ್ದಳು, "ಊಟ ಆಯ್ತಾ ಅತ್ತಿಗೆ", "ಆಯ್ತು", ಅಲ್ಲಿಗೆ ಮುಗಿಯುತ್ತಿತ್ತು. ಇವತ್ತು ನಾನಾಗಿ ಮಾಡಿದ್ದಕ್ಕೆ ಹೆದರಿಬಿಟ್ಟಳು.

"ಏನಾಯ್ತು ಅತ್ತಿಗೆ? ಹುಷಾರಿದ್ದೀರಾ?"

"ನಮ್ಮ ಮದುವೆ ಟ್ಯಾಕ್ಸಿ ನೆನಪಿದೆಯಾ? ಬೇರೆ ಬಣ್ಣದ ಬಾಗಿಲು ಯಾವ ಕಡೆ ಇತ್ತು?"

"ಇದಕ್ಕೆ ಫೋನ್ ಮಾಡಿದ್ರಾ? ಮುಂದಿನ ಎಡಗಡೆದು."

"ಇಲ್ಲ, ಹಿಂದಿನದು. ನಾನು ಅದರಿಂದಾನೇ ಹತ್ತಿದ್ದು."

"ನೀವು ತಲೆ ತಗ್ಗಿಸಿಕೊಂಡಿದ್ರಿ, ನಿಮಗೇನು ಕಂಡಿರುತ್ತೆ? ನಾನು ಮುಂದೆ ಕೂತಿದ್ದೆ. ಸೀರೆ ಸೆರಗು ಆ ಬಾಗಿಲಿಗೆ ಸಿಕ್ಕಿ ಹರೀತು."

ಬಹಳ ಹೊತ್ತು ವಾದ ಮಾಡಿದೆವು. ಅವಳ ಸೆರಗು ಹರಿದದ್ದಕ್ಕೆ ಸಾಕ್ಷಿ ಇದೆ, ನನ್ನದಕ್ಕೆ ಇಲ್ಲ, ಅವಳೇ ಗೆದ್ದಳು. ಬರೀ ಲೋಹವಾದ ಟ್ಯಾಕ್ಸಿಗೆ ಮತ್ತೆ ಬಣ್ಣ ಹಾಕಲು ಕೂತೆ. ಕಿಟಕಿಗೆ ಪಾರದರ್ಶಕ ಅಕ್ರಿಲಿಕ್ ಎರಕ ಹೊಯ್ದೆ. ಎರಡು ಕಾಳು ಕೂರಿಸಿದೆ.

ಜೂನ್ 29, ಭಾನುವಾರ

ಭೂತಗನ್ನಡಿ ಬಂದ. ಕಪಾಟಿನದೆಲ್ಲ ಒಟ್ಟಿಗೆ ತೆಗೆದುಕೊಳ್ಳುತ್ತಾನೆ, ಮುಂದಿನ ಭಾನುವಾರ ಸಾಗಿಸುತ್ತಾನೆ. ಹೊಸ ಕೋಣೆಯ ಮುಂಗಡಕ್ಕೆ ಸ್ವಲ್ಪ ಕಡಿಮೆ ಬೀಳುತ್ತದೆ, ಲ್ಯಾಬಿನಲ್ಲಿ ಸಾಲ ಕೇಳಿದರಾಯಿತು ಅಂದುಕೊಂಡೆ.

ಮೇಜಿನ ಮೇಲೆ ಟ್ಯಾಕ್ಸಿ, ವ್ಯಾನು, ಜೀಪು ಸಾಲಾಗಿದ್ದವು. ಕಣ್ಣಿಗೆ ಕನ್ನಡಿ ಸಿಕ್ಕಿಸಿಯೇ ಇತ್ತಲ್ಲ, ಬಗ್ಗಿದ.

"ಈ ಟ್ಯಾಕ್ಸಿ ಬೇರೆಯವರು ಮಾಡಿದ್ದು. ಉಳಿದವು ಒಬ್ಬರ ಕೈ, ಇದು ಇನ್ನೊಬ್ಬರ ಕೈ."

"ಹೇಗೆ ಗೊತ್ತಾಯ್ತು?"

"ತುಂಬ ನೀಟಾಗಿದೆ. ಅದರ ಜೊತೆ ಹೊಂದಲ್ಲ."

ಎದೆಗೆ ನಾಟಿತು. ಇವನು ಹೇಳುವುದು ಯಾಕೋ ಪ್ರತಿ ಸಲವೂ ಸರಿಯಾಗಿರುತ್ತದೆ.

ಆಮೇಲೆ ಡಬ್ಬಿಯಲ್ಲಿದ್ದ ಬೂದು ಕಾರು ತೆಗೆದ. ತಿರುಗಿಸಿದ, ಮತ್ತೆ ತಿರುಗಿಸಿದ, ಕೂತುಕೊಂಡ.

"ಮೇಡಂ, ಇದು ಕಂಪನಿ ಬಣ್ಣ. ಒರಿಜಿನಲ್! ಇದು ಸಿಗೋದೇ ಇಲ್ಲ. ತಳ ಬಿಚ್ಚಿದಾರೆ, ಆದ್ರೆ ರಿವೆಟ್ ಹಾಳು ಮಾಡಿಲ್ಲ, ಮತ್ತೆ ಕೂರಿಸಬಹುದು. ಒಳಗೆ ಏನೋ ಗುಲಾಬಿ ಚೂರು ಅಂಟಿದೆ. ಅದೊಂದು ಕಿತ್ತುಬಿಟ್ರೆ ಮುಟ್ಟದೇ ಇರೋ ಮಾಲು ಅಂತಾನೇ ಲೆಕ್ಕ. ಇಡೀ ಕಪಾಟಿಗೆ ಕೊಡ್ತಾ ಇರೋದನ್ನ ಇದೊಂದಕ್ಕೆ ಕೊಡ್ತೀನಿ. ನನ್ನ ಕೈ ನಡುಗುತ್ತೆ, ನಿಮ್ಮದು ಹಲ್ಲಿನ ಕೈ. ನೀವೇ ಕಿತ್ತಿಡಿ, ಭಾನುವಾರ ತಗೋತೀನಿ."

ಆಗಲಿ ಅಂದೆ. ನಾನಿಲ್ಲದ ಗಾಡಿ ನನಗೆ ಯಾಕೆ?

ಜುಲೈ 1, ಮಂಗಳವಾರ

ಬೂದು ಕಾರಿನ ತಳ ತೆಗೆದು ಕೊಕ್ಕೆ ಹಿಡಿದು ಕೂತೆ. ಒಂದು ಸಲ ಒತ್ತಿದರೆ ಬರುತ್ತದೆ. ದಿನಕ್ಕೆ ಇಂಥ ಎಷ್ಟೋ ಚೂರು ಕೀಳುವವಳು ನಾನು.

ಒತ್ತಲಿಲ್ಲ. ಇಷ್ಟು ವರ್ಷ ಸಿಟ್ಟು ಮಾಡಿಕೊಂಡಿದ್ದೇನೆ, ಎಲ್ಲಿಗೆ ಹೋಗಿದ್ದರು ಅಂತಾದರೂ ತಿಳಿದುಕೊಂಡು ಕೀಳೋಣ. ನಾಳೆ ಬಾ ಅಂತ ನಾದಿನಿಗೆ ಹೇಳಿದೆ.

ಜುಲೈ 2, ಬುಧವಾರ

ನಾದಿನಿ ಬಂದಳು. ಒಬ್ಬಳಿಗೇ ಅಡುಗೆ ಮಾಡಿ ಮಾಡಿ ಅಳತೆ ಮರೆತಿದ್ದೆ, ಅನ್ನ ಸಾಲದೆ ಮತ್ತೆ ಇಟ್ಟೆ. ಉಂಡಾದ ಮೇಲೆ ಡಬ್ಬಿ ತಂದಿಟ್ಟೆ. ಟ್ಯಾಕ್ಸಿ ನೋಡಿ "ಅಯ್ಯೋ, ನನ್ನ ಸೆರಗು ಹರಿದ ಬಾಗಿಲು" ಅಂತ ಕೈಗೆತ್ತಿಕೊಂಡಳು. ಬೂದು ಕಾರು ತೋರಿಸಿದೆ. ಅವಳು ಮುಟ್ಟಲಿಲ್ಲ.

"ಇದು ನಮ್ಮ ಯಜಮಾನ್ರ ಗಾಡಿ ಅತ್ತಿಗೆ. ಆಗಷ್ಟೇ ಹೊಸದಾಗಿ ತಗೊಂಡಿದ್ರು. ನೀವು ತವರಲ್ಲಿದ್ರಲ್ಲ, ಆಗ."

"ಅದರಲ್ಲಿ ಇವರು ಎಲ್ಲಿಗೆ ಹೋಗಿದ್ರು?"

ಕೈಯಲ್ಲಿದ್ದ ಟ್ಯಾಕ್ಸಿಯನ್ನು ಕೆಳಗಿಟ್ಟಳು.

"ಹೇಳಬೇಡ ಅಂದಿದ್ದ ಅಣ್ಣ. ಈಗ ಯಾರಿಗೆ ಹೆದರೋದು? ನಿಮ್ಮಮ್ಮನ ಮನೆಗೆ. ಭಾನುವಾರ ಬಂದ್ರೆ ನಮ್ಮ ಯಜಮಾನ್ರನ್ನ ಎಬ್ಬಿಸೋನು, ಭಾವ, ಗಾಡಿ ತೆಗೀರಿ ಅಂತ. ನಿಮ್ಮ ಬೀದಿ ತುದೀಲಿ ನಿಲ್ಲಿಸಿಕೊಂಡು ಕೂರೋನು. ಇಳೀತಾನೇ ಇರಲಿಲ್ಲ. ಕತ್ತಲಾಗೋ ಹೊತ್ತಿಗೆ, ನಡೀರಿ ಹೋಗೋಣ ಅನ್ನೋನು. ಒಂದು ವಾರ ಅಲ್ಲ ಅತ್ತಿಗೆ, ಎಷ್ಟೋ ವಾರ. ಬಂದು ಕರೀಬಾರದೇನೋ ಅಂತ ನಾನು ಬೈದೆ. ಕರೆದು ಅವಳು ಬರಲ್ಲ ಅಂದ್ರೆ ಏನು ಮಾಡಲಿ ಅಂದ."

ನಾನು ಬೂದು ಕಾರನ್ನು ಕೈಗೆತ್ತಿಕೊಂಡೆ.

"ಇನ್ನೊಂದು ಮಾತು. ಭಾವನ ಪಕ್ಕ ಮುಂದೆ ಕೂತ್ಕೊಳೋ ಅಂದ್ರೆ ಕೂರ್ತಿರಲಿಲ್ಲ. ಡ್ರೈವರ್ ಥರ ನಮ್ಮ ಯಜಮಾನ್ರೊಬ್ಬರನ್ನ ಮುಂದೆ ಬಿಟ್ಟು ಹಿಂದೆ ಹೋಗಿ ಬಲಗಡೆ ಒತ್ತಿಕೊಂಡು ಕೂರೋನು. ವಾಪಸ್ ಬರ್ತಾ ಅವಳೂ ಬಂದ್ರೆ ಜಾಗ ಬೇಕಲ್ಲ ಅನ್ನೋನು."

"ನೀನಾದರೂ ಹೇಳಬಾರದಿತ್ತಾ?"

"ಆಮೇಲೆ ನೀವೇ ಬಂದ್ರಲ್ಲ ಅತ್ತಿಗೆ. ಎಲ್ಲ ಸರಿಹೋಯ್ತು ಅಂದುಕೊಂಡ್ವಿ."

ಒಳಗೆ ನಾನು ತಲೆ ಬಾಚಿ ಕೂತಿದ್ದೆ, ಬೀದಿಯ ತುದಿಯಲ್ಲಿ ಇವರು ಗಾಡಿಯಲ್ಲಿ ಕೂತಿದ್ದರು. ನಡುವೆ ನಾಲ್ಕು ಮನೆ. ಒಬ್ಬರಾದರೂ ಬಾಗಿಲು ತೆಗೆಯಬಾರದಿತ್ತಾ? ನಾದಿನಿಯ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಇವರು ಹೋದ ದಿನವೂ ಹೀಗೆ ಅತ್ತಿರಲಿಲ್ಲ.

ಜುಲೈ 3, ಗುರುವಾರ

ನೀರು ಬಿಸಿ ಇದೆ ಅಂದಿದ್ದರು. ನಾನು ಬರುತ್ತೇನೆ ಅಂತ ಯಾರಿಗೂ ಹೇಳಿರಲಿಲ್ಲ ಅವತ್ತು. ಹಾಗಾದರೆ ಬಿಸಿ ನೀರು ದಿನಾ ಕಾಯುತ್ತಿತ್ತೇ?

ಜುಲೈ 6, ಭಾನುವಾರ

ಭೂತಗನ್ನಡಿ ಪೆಟ್ಟಿಗೆಗಳನ್ನು ತಂದು ಕಪಾಟು ಖಾಲಿ ಮಾಡಿದ. ಒಂದೊಂದನ್ನೂ ಕಾಗದದಲ್ಲಿ ಸುತ್ತುವಾಗ ಅವನ ಕೈ ನಿಜವಾಗಿಯೂ ನಡುಗುತ್ತಿತ್ತು, ಪ್ರೀತಿಯಿಂದಲೇ ಸುತ್ತಿದ. ಕೆಟ್ಟವನಲ್ಲ.

"ಬೂದು ಕಾರು ರೆಡಿನಾ ಮೇಡಂ?"

"ಅದು ಕೊಡಲ್ಲ."

"ಬೆಲೆ ಕಡಿಮೆ ಅನ್ನಿಸ್ತಾ? ಇನ್ನೂ ಸ್ವಲ್ಪ ಸೇರಿಸ್ತೀನಿ."

"ಬೆಲೆ ಇರೋದೇ ಆ ಚೂರಿಗೆ. ಅದನ್ನ ಕಿತ್ತ ಮೇಲೆ ನೀವು ದುಡ್ಡು ಕೊಡೋದು ಯಾತಕ್ಕೆ?"

ನನ್ನನ್ನು ಒಂದು ಥರ ನೋಡಿದ. ಕಣ್ಣಿನ ಕನ್ನಡಿ ತೆಗೆದಿದ್ದ, ಬರೀ ಕಣ್ಣಿನಲ್ಲಿ ನೋಡಿದ್ದು ಇದೇ ಮೊದಲು. ಆಮೇಲೆ ಬೂದು ಕಾರನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟ.

ಮುಂಗಡಕ್ಕೆ ಕಡಿಮೆ ಬಿದ್ದದ್ದನ್ನು ಲ್ಯಾಬಿನಲ್ಲಿ ಕೇಳುತ್ತೇನೆ. ಕೋಣೆ ಖಾಲಿಯಾಯಿತು. ಮೂರು ಗೋಡೆಯ ಗಾಜಿನಲ್ಲೂ ನಾನೇ ಕಾಣುತ್ತೇನೆ. ಸಂಜೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಇವರ ಕುರ್ಚಿಯಲ್ಲಿ ಕೂತೆ. ಊಟಕ್ಕೆ ಯಾರೂ ಕರೆಯಲಿಲ್ಲ.

ಜುಲೈ 12, ಶನಿವಾರ

ಭೂತಗನ್ನಡಿಯ ಅಂಗಡಿಗೆ ಹೋದೆ. ಇಷ್ಟು ವರ್ಷ ಇವರು ಹೋಗುತ್ತಿದ್ದ ಅಂಗಡಿ, ನಾನು ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು.

"ಒಂದು ಬಿಳಿ ಕಾರು ಬೇಕು."

"ಡಬ್ಬಿ ಸಮೇತ ಇರೋದು ತೋರಿಸಲಾ?"

"ಬೇಡ. ಕೆಟ್ಟಿರೋದು ಕೊಡಿ. ಯಾರೂ ತಗೊಳ್ದೇ ಇರೋದು."

"ಯಾಕೆ ಮೇಡಂ? ಸರಿ ಮಾಡ್ತೀರಾ?"

"ಇಲ್ಲ, ಇನ್ನೂ ಸ್ವಲ್ಪ ಕೆಡಿಸ್ತೀನಿ."

ಅವನು ಬಿಡಿಭಾಗದ ಚೀಲ ಸುರಿದು ಹುಡುಕುತ್ತಾ ಹೇಳಿದ, "ನಿಮ್ಮನೆಯೋರೂ ಆಗಾಗ ಇದೇ ಚೀಲಕ್ಕೆ ಕೈ ಹಾಕೋರು. ಇಷ್ಟು ತಿಳಿದೋರು ಇದನ್ಯಾಕೆ ತಗೋತಾರೆ ಅಂತ ನನಗೆ ಆಶ್ಚರ್ಯ. ಕೇಳಿದ್ರೆ, ಇದು ಮಾರೋಕಲ್ಲ, ಮನೆಗೆ ಅನ್ನೋರು." ಬಿಳಿ ಕಾರು ಸಿಕ್ಕಿತು. ಒಂದು ನೀಲಿ ಬಸ್ಸನ್ನೂ ತೆಗೆದಿಟ್ಟೆ. ಯಾವ ಬಸ್ಸು ಅಂತ ನೆನಪಾದರೆ ಬೇಕಾಗುತ್ತದೆ. ಎರಡಕ್ಕೂ ಅವನು ದುಡ್ಡು ತೆಗೆದುಕೊಳ್ಳಲಿಲ್ಲ.

ಜುಲೈ 26, ಶನಿವಾರ

ಸಾಮಾನು ಕಟ್ಟಿಯಾಯಿತು. ನಾಳೆ ವ್ಯಾನು ಬರುತ್ತದೆ, ನಾದಿನಿಯೂ ಬರುತ್ತಾಳೆ. ಭಾನುವಾರಗಳಲ್ಲಿ ಆ ಗುಬ್ಬಚ್ಚಿ ಗೂಡಿಗೇ ಬಂದು ಕೂರುತ್ತಾಳಂತೆ. ಮಂಚದ ಮೇಲೆ ಕೂತರಾಯಿತು.

ಬಿಳಿ ಕಾರು ಮುಗಿಯಿತು. ಇವರು ಹೋದ ದಿನ ಆಸ್ಪತ್ರೆಯಿಂದ ನನ್ನನ್ನು ಮನೆಗೆ ಕರೆತಂದ ಬಾಡಿಗೆ ಕಾರು. ಹಿಂದಿನ ಗಾಜಿನಲ್ಲಿ ಬಿರುಕಿತ್ತು, ಸೂಜಿಯಲ್ಲಿ ಗೀರಿದೆ. ಬಣ್ಣ ಬಳಿಯುವಾಗ ಬ್ರಷ್ಷಿನ ಕೂದಲೊಂದು ಮೇಲೆ ಅಂಟಿತು. ತೆಗೆಯಲು ಹೋದವಳು ಬಿಟ್ಟೆ. ಈಗ ಇದು ಉಳಿದವುಗಳ ಜೊತೆ ಹೊಂದುತ್ತದೆ.

ಅವತ್ತು ಆಸ್ಪತ್ರೆಯವರು ಇವರ ಚಪ್ಪಲಿ, ಕನ್ನಡಕ, ಅಂಗಿಯನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟಿದ್ದರು. ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಪಕ್ಕದಲ್ಲಿಡಿ ಅಮ್ಮಾ, ಅಷ್ಟು ಜಾಗ ಖಾಲಿ ಇದೆಯಲ್ಲ" ಅಂದ. ಇಡಲಿಲ್ಲ. ಮನೆ ಬರುವವರೆಗೂ ಎಡಗಡೆಯ ಬಾಗಿಲಿಗೆ ಒತ್ತಿಕೊಂಡೇ ಕೂತಿದ್ದೆ.

ವಸಡಿನ ಚೂರೊಂದನ್ನು ಕಾಳಿನಷ್ಟಕ್ಕೆ ಉಜ್ಜಿ ಎಡಕ್ಕೆ ಅಂಟಿಸಿದೆ. ಬಲಗಡೆ ಹಾಗೇ ಬಿಟ್ಟಿದ್ದೇನೆ, ಇವರಿಗೆ ಮೀಟರ್ ಕಾಣಬೇಕಲ್ಲ.